ತಯಾರಿ ಎಲ್ಲಿಗೆ ಬಂತ್ರೀ?

ಪೇಪರಿನ ಜಿಲ್ಲಾ ಪುಟ ತಿರುವಿದರೆ ಒಂದು ಫೋಟೋ ಇದ್ದೇ ಇರುತ್ತದೆ ನೋಡ್ರಿ. ಉದ್ದನೆಯದೊಂದು ಟೇಬಲ್ಲು, ಅದರ ಹಿಂದೆ ಸಾಲಾಗಿ ಕೂತ ಏಳೆಂಟು ಮಂದಿ, ಪ್ರತಿಯೊಬ್ಬರ ಮುಂದೆ ನೀರಿನ ಬಾಟಲಿ, ಒಬ್ಬರ ಕೈಯಲ್ಲಿ ಮೈಕು. ಕೆಳಗಿನ ಸಾಲು ಓದದೆಯೇ ಹೇಳಬಹುದು: ಪೂರ್ವಭಾವಿ ಸಭೆ. ಉತ್ಸವವಿರಲಿ, ಜಯಂತಿಯಿರಲಿ, ಜಾತ್ರೆಯಿರಲಿ, ಸಮ್ಮೇಳನವಿರಲಿ, ಅದಕ್ಕೆ ಮೊದಲು ಇದೊಂದು ಆಗಲೇಬೇಕು. ಬ್ಯಾನರಿನ ಅಕ್ಷರ ಬದಲಿಸಿದರೆ ಹೋದ ವರ್ಷದ ಫೋಟೋವನ್ನೇ ಈ ವರ್ಷವೂ ಹಾಕಿ ಮುಗಿಸಬಹುದು, ಅಲ್ಲೇನ್ರಿ?

ಆದರೆ ಈ 'ಪೂರ್ವಭಾವಿ' ಅನ್ನುವ ಪದ ಇದೆಯಲ್ಲ, ಅದರ ಸ್ವಭಾವವೇ ವಿಚಿತ್ರ. ಓದು ಬಲ್ಲವರಿಗೆಲ್ಲ ಗೊತ್ತು, ಮನೆಯ ಹೊಸ್ತಿಲು ಮಾತ್ರ ಅದು ಈವರೆಗೂ ದಾಟಿಲ್ಲ. ನಮ್ಮ ಕಟಕೋಳದಲ್ಲಿ ಮಗಳ ಮದುವೆ ಗೊತ್ತು ಮಾಡಿದವರು ಯಾರಾದರೂ 'ಐತವಾರ ಮದವಿ ಪೂರ್ವಭಾವಿ ಐತ್ರಿ, ಬರಬೇಕು' ಅಂದದ್ದನ್ನು ನೀವು ಕೇಳಿದ್ದೀರಾ? 'ಶಾವಿಗಿ ಹೊಸಿಯೋದೈತಿ, ಮನಿಯವರನ್ನ ಕಳಸ್ರಿ' ಅನ್ನುತ್ತಾರೆ. 'ಹಂದರ ಹಾಕೋದೈತಿ, ಹುಡುಗರು ಬರಲಿ' ಅನ್ನುತ್ತಾರೆ. 'ಯಾದಿ ಐತಿ, ಹಿರೇರು ಬೇಕು' ಅನ್ನುತ್ತಾರೆ. ಎಲ್ಲವನ್ನೂ ಒಟ್ಟಿಗೆ ಹೇಳಬೇಕೆಂದರೆ 'ತಯಾರಿ ನಡದೈತಿ' ಅಂದರೆ ಮುಗೀತು. ಪೂರ್ವಭಾವಿಗೆ ಕುರ್ಚಿ ಬೇಕು, ಮೈಕು ಬೇಕು, ಠರಾವು ಬೇಕು. ತಯಾರಿಗೆ ಬೇಕಾದದ್ದು ಮಂದಿಯ ಕೈ.

ಕಿತ್ತೂರು ಉತ್ಸವವನ್ನೇ ತಗೊಳ್ಳಿ. ಅಕ್ಟೋಬರ್ 23ರಿಂದ 25, ಮೂರು ದಿನ. 1824ರ ಅಕ್ಟೋಬರ್ 23ಕ್ಕೆ ಅಲ್ಲಿ ಏನಾಯಿತು ಅನ್ನುವುದು ನಮ್ಮ ಕಡೆ ಅಂಗನವಾಡಿ ಕೂಸಿಗೂ ಗೊತ್ತು, ಮತ್ತೆ ಹೇಳುವುದು ಬೇಡ. ಮೂರು ದಿನದ ಉತ್ಸವಕ್ಕೆ ಎಷ್ಟು ಮೊದಲಿನಿಂದ ಸಭೆ! ಮೆರವಣಿಗೆಗೊಂದು ಸಮಿತಿ, ಊಟಕ್ಕೊಂದು, ವಸತಿಗೊಂದು, ಪ್ರಚಾರಕ್ಕೊಂದು. ವಿಜಯ ಜ್ಯೋತಿ ಊರೂರು ಸುತ್ತಿ ಬರಬೇಕು, ಯಾವ ಊರಿಗೆ ಯಾವ ಹೊತ್ತಿಗೆ ಮುಟ್ಟಬೇಕು, ಯಾರು ಬರಮಾಡಿಕೊಳ್ಳಬೇಕು. 2024ರಲ್ಲಿ ಇನ್ನೂರು ವರ್ಷ ತುಂಬಿದಾಗಂತೂ ಕೇಳುವುದೇ ಬೇಡ. ಅದು ಮುಗಿಯಿತು ಅನ್ನುವಷ್ಟರಲ್ಲಿ ಜನವರಿಯಲ್ಲಿ ಸಂಗೊಳ್ಳಿಯ ರಾಯಣ್ಣನ ಉತ್ಸವ, ಅದಕ್ಕೆ ಮತ್ತೊಂದು ಸುತ್ತಿನ ಸಭೆ.

ನನಗೆ ಆಗಾಗ ಒಂದು ವಿಚಾರ ಬರುತ್ತದೆ. ಆ 1824ರಲ್ಲಿ ಕಿತ್ತೂರಿನ ಮೇಲೆ ಧಾರವಾಡದಿಂದ ತೋಪು, ಸವಾರರನ್ನು ಕಟ್ಟಿಕೊಂಡು ಬಂದ ಇಂಗ್ಲಿಷ್ ಕಲೆಕ್ಟರ್ ಥ್ಯಾಕರೆ ಸಾಹೇಬನದು ಏನು ಕಡಿಮೆ ಪೂರ್ವಭಾವಿಯೇ? ಡೇರೆ ಹೊಡೆದದ್ದು, ಪತ್ರ ಬರೆದದ್ದು, ಗಡುವು ಕೊಟ್ಟದ್ದು, ಎಲ್ಲ ಕಾಗದದ ಪ್ರಕಾರವೇ. ಕೋಟೆಯ ಒಳಗೆ ರಾಣಿ ಚನ್ನಮ್ಮನದು ತಯಾರಿ. ಬಾಗಿಲು ತೆರೆದದ್ದೇ ತಡ, ಎರಡರ ನಡುವಿನ ಫರಕು ಸಾಹೇಬನಿಗೆ ತಿಳಿಯಿತು. ತಿಳಿದದ್ದನ್ನು ವರದಿ ಬರೆಯಲು ಅವನು ಉಳಿಯಲಿಲ್ಲ ಅನ್ನುವುದು ಬೇರೆ ಮಾತು.

ಹಾಗಂತ ಈ 'ತಯಾರಿ' ನಮ್ಮ ಅಚ್ಚಗನ್ನಡ ಅಂತ ಎದೆ ತಟ್ಟಿಕೊಳ್ಳುವ ಹಾಗೂ ಇಲ್ಲ. ತಯಾರಿ, ಬಂದೋಬಸ್ತು, ಯಾದಿ, ತಾಲೀಮು – ಇವೆಲ್ಲ ಅರಬ್ಬಿ, ಪಾರಸಿಯಿಂದ ಹೊರಟು, ಮರಾಠಿಯ ಕೈಹಿಡಿದು ಸಂಸ್ಥಾನಗಳ ದಫ್ತರಿಗೆ ಬಂದು, ಅಲ್ಲಿಂದ ನಮ್ಮ ಅಡಿಗೆಮನೆಗೆ ಇಳಿದವು. ರಾಮದುರ್ಗ ಸಂಸ್ಥಾನ 1948ರಲ್ಲಿ ವಿಲೀನವಾಯಿತು, 1956ರಲ್ಲಿ ಮುಂಬೈ ರಾಜ್ಯದ ನಂಟೂ ಕಡಿಯಿತು. ರಾಜರು ಹೋದರು, ಮಾಮಲೇದಾರರು ಹೋದರು, ಮಾತು ಮಾತ್ರ ಇಲ್ಲೇ ಠಿಕಾಣಿ ಹೂಡಿತು. 'ತಯಾರ್' ಅನ್ನುವುದಕ್ಕೆ ನಿಘಂಟಿನವರು ಒಂದು ಸೊಗಸಾದ ಮೂಲ ಹೇಳುತ್ತಾರೆ. ಅರಬ್ಬಿಯಲ್ಲಿ ಅದು ಹಾರುವುದಕ್ಕೆ ಸಂಬಂಧಿಸಿದ ಮಾತಂತೆ. ಸಾಕಿದ ಗಿಡುಗ ಪಳಗಿ, ಕೈಬಿಟ್ಟರೆ ಹಾರಿ ಬೇಟೆ ಹಿಡಿದು ತರುತ್ತದೆ ಅನ್ನುವ ಹದಕ್ಕೆ ಬಂದಾಗ ಬೇಟೆಗಾರರು ಅದನ್ನು 'ತಯ್ಯಾರ್' ಅನ್ನುತ್ತಿದ್ದರಂತೆ. ಲಗ್ನದ ಮನೆಯಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಓಡಾಡುವ ದೊಡ್ಡವ್ವನನ್ನು ನೋಡಿದವರಿಗೆ ಈ ಮೂಲದ ಬಗ್ಗೆ ಸಂಶಯ ಬರುವುದು ಶಕ್ಯವೇ ಇಲ್ಲ.

ಈಗ ಯಾದಿಗೆ ಬರೋಣ. ಬೆಂಗಳೂರು ಕಡೆಯವರಿಗೆ ಯಾದಿ ಅಂದರೆ ಬರೀ ಪಟ್ಟಿ. ನಮಗೆ ಹಾಗಲ್ಲ. ಗಂಡು ಹೆಣ್ಣು ಒಪ್ಪಿಯಾಗಿದೆ, ಕುಲ ಕೂಡಿದೆ, ಬೀಗರು ಬೀಗರ ಮುಖ ನೋಡಿದ್ದಾಗಿದೆ. ಇನ್ನು ಹಾಸಿದ ಜಮಖಾನೆಯ ಮೇಲೆ ಎರಡೂ ಕಡೆಯ ಹಿರಿಯರು ಎದುರುಬದುರು ಕೂರಬೇಕು. ಗೀಟು ಎಳೆದ ಉದ್ದನೆಯ ಕಾಗದ, ಮೇಲ್ಗಡೆ 'ಶ್ರೀ', ನಾಲ್ಕೂ ಮೂಲೆಗೆ ಅರಿಷಿಣ ಕುಂಕುಮ. ಅಕ್ಷರ ಚಂದ ಇರುವವನೊಬ್ಬ ಬರೆಯಲು. ತಾಳಿ ಯಾರದು, ಕಾಲುಂಗುರ ಯಾರದು, ಜವಳಿ ಯಾರದು, ಬಾಸಿಂಗ ಯಾರು ತರಬೇಕು, ಊಟ ಯಾರ ಕಡೆ, ಬ್ಯಾಂಡ್ ಯಾರ ಖರ್ಚು. ಒಂದೊಂದು ಸಾಲು ಬರೆಯುವುದಕ್ಕೂ ಒಂದೊಂದು ಸುತ್ತು ಚಹಾ. ನಡುನಡುವೆ ಒಬ್ಬ ಹಿರಿಯರು ಎದ್ದು 'ಹಂಗಾದ್ರ ನಾವು ಬರ್ತೀವಿ' ಅಂತ ಚಪ್ಪಲಿ ಹುಡುಕುವುದು, ಇನ್ನೊಬ್ಬರು ತೋಳು ಹಿಡಿದು ಕೂರಿಸುವುದು. ಇದು ಆಗದಿದ್ದರೆ ಯಾದಿ ಸಪ್ಪೆ. ಚಪ್ಪಲಿ ಹುಡುಕುವವರಿಗೂ ಗೊತ್ತು, ತೋಳು ಹಿಡಿಯುವವರಿಗೂ ಗೊತ್ತು, ಹೋಗುವುದಿಲ್ಲ ಅಂತ.

ಕಡೆಯಲ್ಲಿ ಸಕ್ಕರೆ ಹಂಚಿ, ಎಲೆ ಅಡಿಕೆ ಬದಲಿಸಿಕೊಂಡರೆ ಆ ಕಾಗದ ಕಬ್ಬಿಣದ ಪೆಟ್ಟಿಗೆ ಸೇರುತ್ತದೆ. ಮುಂದೆಂದಾದರೂ ಮಾತು ಬಂದರೆ 'ಯಾದಿ ತಗೀರಿ' ಅಂದರೆ ಸಾಕು, ಎಲ್ಲರೂ ಗಪ್‌ಚಿಪ್.

ಇನ್ನೊಂದು ಮಜಾ ನೋಡ್ರಿ. ನಮ್ಮಲ್ಲಿ 'ಯಾದಿ ಪೇ ಶಾದಿ' ಅಂತ ಒಂದುಂಟು. ಯಾದಿಗೆ ಅಂತ ಮಂದಿ ಕೂಡಿದ್ದಾರೆ, ಸ್ವಾಮಿಗಳೂ ಇದ್ದಾರೆ, ಅಡಿಗೆಯೂ ಆಗಿದೆ, ಮತ್ತೊಮ್ಮೆ ಇದೇ ಖರ್ಚು ಯಾಕೆ, ಅಕ್ಷತೆ ಹಾಕಿಬಿಡೋಣ ಅಂತ ಅಲ್ಲೇ ಮದುವೆ ಮುಗಿಸುವುದು. ತಯಾರಿಗೆ ಬಂದವರು ಕಾರ್ಯ ಮುಗಿಸಿಕೊಂಡು ಹೋದರು! ಸಂಜೆ ಮನೆಗೆ ಬಂದ ಗಂಡಸನ್ನು ಹೆಂಡತಿ 'ಯಾದಿ ಹೆಂಗಾತು?' ಅಂತ ಕೇಳಿದರೆ 'ಮದವಿನ ಆತು' ಅನ್ನುತ್ತಾನೆ. ಅವಳಿಗೆ ಸಿಟ್ಟು. ಮದುವೆ ಆದದ್ದಕ್ಕಲ್ಲ, ಹೊಸ ಸೀರೆ ಉಡುವುದು ತಪ್ಪಿತಲ್ಲ ಅಂತ. ನ್ಯಾಯವಾದ ಸಿಟ್ಟೇ ಬಿಡ್ರಿ.

ಇದೆಲ್ಲ ಗಂಡಸರ ತಯಾರಿ ಆಯಿತು. ಹೆಂಗಸರದು ಬ್ಯಾಸಿಗೆ ಬಿಸಿಲು ಬಲಿತ ದಿನ ಶುರುವಾಗುತ್ತದೆ. ಶಾವಿಗೆ. ಈಗ ಹಿಡಿಕೆ ತಿರುಗಿಸುವ ಮಷಿನ್ನು ಬಂದಿದೆ, ಹೊರಸಿನ ಅಂಚಿಗೆ ಬಿಗಿದು ತಿರುವಿದರೆ ಎಳೆ ಕೆಳಗಿಳಿಯುತ್ತದೆ. ನಾನು ಹೇಳುವುದು ಮಣೆಯ ಮೇಲಿನ ಶಾವಿಗೆ. ಕಣಕ ನಾದಿ, ಎಣ್ಣೆ ಸವರಿ, ಒರಳಲ್ಲಿ ಕುಟ್ಟಿ ಕುಟ್ಟಿ, ಎಳೆದರೆ ಹರಿಯದ ಹದಕ್ಕೆ ತರಬೇಕು. ಶಾವಿಗೆ ಮಣೆ ಇಳಿಜಾರಾಗಿ ಇಟ್ಟು, ಅದರ ತಲೆಯ ಕಡೆ ಕೈ ಪಳಗಿದ ಹೆಣ್ಣುಮಗಳೊಬ್ಬಳು ಕೂತು ಅಂಗೈ ಅಡಿಯಲ್ಲಿ ಎಳೆ ಹೊಸೆಯುತ್ತ ಹೋದರೆ, ಕೆಳಗೆ ಕೂತವಳು ಅದನ್ನು ಹರಿಯದಂತೆ ಹಿಡಿದು, ಸುತ್ತಿ, ಕೋಲಿಗೆ ಹಾಕಬೇಕು. ಮೂರನೆಯವಳು ಆ ಕೋಲನ್ನು ಎರಡು ಹೊರಸಿನ ನಡುವೆ ಬಿಸಿಲಿಗೆ ಇಡಬೇಕು. ನಾಲ್ಕನೆಯವಳದು ಕಾಗೆ ಓಡಿಸುವ ಕೆಲಸ. ಐದನೆಯವಳು ಏನೂ ಮಾಡುವುದಿಲ್ಲ, ಮಾತಾಡುತ್ತಾಳೆ. ಅವಳಿಲ್ಲದಿದ್ದರೆ ಶಾವಿಗೆ ಸಾಗುವುದೇ ಇಲ್ಲ! ಓಣಿಯ ಯಾವ ಮನೆಯಲ್ಲಿ ಏನು ನಡೆದಿದೆ, ಯಾರ ಸೊಸೆ ತವರಿಗೆ ಹೋದವಳು ಯಾಕೆ ಬಂದಿಲ್ಲ, ಎಲ್ಲ ಆ ಎಳೆಯ ಉದ್ದಕ್ಕೇ ಇಳಿಯುತ್ತದೆ.

ಈ ಐದನೆಯವಳ ಮೇಲೆ ನನಗೆ ಮೊದಲಿನಿಂದಲೂ ಅಭಿಮಾನ. ಯಾವ ಪೂರ್ವಭಾವಿ ಸಭೆಯ ಠರಾವಿನಲ್ಲೂ ಅವಳಿಗೊಂದು ಸಮಿತಿ ಮಾಡಲು ಆಗುವುದಿಲ್ಲ, ಅಲ್ವಾ?

ಶಾವಿಗೆ ಆಯಿತು, ಹಪ್ಪಳ, ಸಂಡಿಗೆ, ಕುರಡಗಿ ಆಯಿತು. ಲಗ್ನ ಹತ್ತಿರ ಬಂತು. ಹಂದರಕ್ಕೆ ಗಳ ಬೇಕು, ಹಸಿ ತಪ್ಪಲು ಬೇಕು. ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋದ ಹುಡುಗರು ತಪ್ಪಲಿನ ಜೊತೆಗೆ ಕಬ್ಬು ಮುರಿದುಕೊಂಡು ತಿನ್ನುತ್ತ ಬರುತ್ತಾರೆ. ಯಾರ ಹೊಲದ್ದು ಅಂತ ಕೇಳಬಾರದು. ಕುಂಬಾರರ ಮನೆಗೆ ಹೋಗಿ ಐರಾಣಿ ಗಡಿಗೆ ತರುವುದು ಇನ್ನೊಂದು ಸಂಭ್ರಮ. ಸುಣ್ಣ ಬಳಿದು ಬಣ್ಣದ ಗೆರೆ ಎಳೆದ ಗಡಿಗೆಗಳು, ಅದಕ್ಕೆ ವಾಲಗ, ಅದಕ್ಕೆ ಆರತಿ. ಗಡಿಗೆ ಕೊಳ್ಳುವುದಕ್ಕೂ ಮೆರವಣಿಗೆ ಹೊರಡುವ ಮಂದಿ ನಾವು! ಕುಂಬಾರರ ಮನೆಯ ಹಿರಿಯಳಿಗೆ ಆವತ್ತು ಸೀರೆ ಕುಪ್ಪಸದ ಮರ್ಯಾದೆ. ಅಲ್ಲಿಂದ ಗಡಿಗೆ ಬರದೆ ಸುರಗಿ ಸುತ್ತುವುದಾದರೂ ಹೇಗೆ?

ಮದುವೆಯ ಹಿಂದಿನ ರಾತ್ರಿ ಬುಂದೆ ಕಟ್ಟುವುದು. ದೊಡ್ಡ ಪರಾತದಲ್ಲಿ ಬಿಸಿ ಬುಂದೆ, ಸುತ್ತ ಕೂತ ಮಂದಿ, ಕೈಗೆ ಎಣ್ಣೆ. ಉಂಡಿ ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೆ ಮೊದಲೊಂದು ಉಂಡಿ ಕಟ್ಟಿ ತೋರಿಸುವವರು ಹಿರಿಯ ಅಡಿಗೆಯವರು. ಮೊದಲ ಹತ್ತು ಉಂಡಿ ಅದೇ ಅಳತೆ. ಆಮೇಲೆ ಒಬ್ಬೊಬ್ಬರ ಕೈಗೆ ತಕ್ಕಂತೆ ಒಂದೊಂದು. ಜಿಪುಣರ ಉಂಡಿ ಯಾವುದು, ಧಾರಾಳಿಯ ಉಂಡಿ ಯಾವುದು ಅಂತ ಮರುದಿನ ಎಲೆ ಮೇಲೆ ನೋಡಿ ಹೇಳಬಹುದು.

ಈಗ ನನ್ನ ಮಾತಿಗೆ ಬರುತ್ತೇನೆ. ಇಷ್ಟೆಲ್ಲ ಆದ ಮೇಲೆ ಕಾರ್ಯ ಅನ್ನುವುದು ಎಷ್ಟು ಹೊತ್ತಿನದ್ರಿ? ಸ್ವಾಮಿಗಳು ಮಂತ್ರ ಹೇಳಿದರು, ವಾಲಗದವನು ಜೋರು ಮಾಡಿದ, ಅಕ್ಷತೆ ಬಿತ್ತು, ಮುಗೀತು. ಅರ್ಧ ಮಂದಿಗೆ ತಾಳಿ ಕಟ್ಟಿದ್ದು ಕಾಣಲೇ ಇಲ್ಲ, ಮುಂದೆ ಫೋಟೋದವರು ಅಡ್ಡ ನಿಂತಿದ್ದರು. ಆಮೇಲೆ ಪಂಗತಿ. ಕಾರ್ಯಕ್ಕೆ ಕರೆದವರೆಲ್ಲ ಬರುತ್ತಾರೆ, ಉಣ್ಣುತ್ತಾರೆ, ಆಹೇರಿ ಕೊಟ್ಟು ಬಸ್ಸು ಹಿಡಿಯುತ್ತಾರೆ. ತಯಾರಿಗೆ ಬರುವವರು ಮಾತ್ರ ನಮ್ಮವರು. ನೋಡ್ರಿ ಬೇಕಾದರೆ. ಲಗ್ನಪತ್ರಿಕೆ ಮುಟ್ಟದಿದ್ದರೆ ಮಂದಿ 'ಮರತಿರಬೇಕು ಬಿಡು' ಅಂತ ಸುಮ್ಮನಾದಾರು. ಯಾದಿಗೆ ಕರೆಯಲಿಲ್ಲ, ಜವಳಿಗೆ ಕರೆದೊಯ್ಯಲಿಲ್ಲ, ಹಂದರಕ್ಕೆ ಹೇಳಲಿಲ್ಲ ಅಂದರೆ ಮುಗೀತು, ಸೋದರಮಾವ ಮುನಿಸಿಕೊಂಡು ಕೂತ. ಮದುವೆಯ ದಿನ ಬರುತ್ತಾನೆ, ಬರದೆ ಇರುವುದಿಲ್ಲ. ಆದರೆ ಹಿಂದಿನ ಸಾಲಿನ ಕುರ್ಚಿಯಲ್ಲಿ ಪರವೂರಿನವರ ಹಾಗೆ ಕೂರುತ್ತಾನೆ. ಆ ಕುರ್ಚಿಯಿಂದ ಅವನನ್ನು ಎಬ್ಬಿಸಿ ಮುಂದೆ ತರಲು ಮತ್ತೆ ಮೂವರು ಹಿರಿಯರು ಬೇಕು.

ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ನಮ್ಮ ಸೀಮೆಯ ಆಟ. ರಾತ್ರಿಯೆಲ್ಲ ಕೂತು ನೋಡಿದವರು ನಾವು. ಅಷ್ಟೂ ಕಥೆಯ ಗುಟ್ಟೇನು? ಹೂವು ರುಕ್ಮಿಣಿಯ ಮುಡಿಗೆ ಹೋಯಿತು, ನನ್ನನ್ನು ಒಂದು ಮಾತು ಕೇಳಲಿಲ್ಲ ಅಂತ ಸತ್ಯಭಾಮೆಯ ಮುನಿಸು. ಹೂವಿಗೇನು ಬರ! ಕೇಳಲಿಲ್ಲ ಅನ್ನುವುದೇ ದುಃಖ. ನಮ್ಮ ಸೋದರಮಾವಂದಿರೆಲ್ಲ ಆ ಲೆಕ್ಕದಲ್ಲಿ ಸತ್ಯಭಾಮೆಯರೇ, ಮೀಸೆ ಒಂದಿದೆ ಅನ್ನುವುದು ಬಿಟ್ಟರೆ.

ಆಟದ ಮಾತು ಬಂತಲ್ಲ, ತಾಲೀಮಿನ ಕಥೆಯನ್ನೂ ಹೇಳಿಬಿಡುತ್ತೇನೆ. ಜಾತ್ರೆಗೆ ನಾಟಕ ಅಂತ ಠರಾವಾದರೆ ರಾತ್ರಿ ಊಟ ಆದ ಮೇಲೆ ಗುಡಿಯ ಪಡಸಾಲೆಯಲ್ಲಿ ಪೇಟಿ ಮಾಸ್ತರರು ಬಂದು ಕೂರುತ್ತಾರೆ. ಪಾತ್ರ ಹಂಚುವ ದಿನ ಊರಲ್ಲಿ ಪಂಚಾಯಿತಿ ಚುನಾವಣೆಗಿಂತ ಹೆಚ್ಚು ಬಿಸಿ. ನಾಯಕನ ಪಾತ್ರಕ್ಕೆ ಮೂವರು, ಖಳನ ಪಾತ್ರಕ್ಕೆ ಐವರು. ಖಳನಿಗೆ ಗಹಗಹಿಸಿ ನಗುವುದಿರುತ್ತದೆ ನೋಡ್ರಿ, ಅದಕ್ಕೆ. ಹಗಲು ಗಳೆ ಹೊಡೆಯುತ್ತ ಆ ನಗುವಿನ ತಾಲೀಮು. ಎತ್ತುಗಳು ಬೆದರಿ ಸಾಲು ಸೊಟ್ಟಗಾದರೆ ಅಪ್ಪನ ಬೈಗಳು. ನಾಟಕದ ರಾತ್ರಿ ಆ ಖಳನ ಪಾತ್ರದವನು ಎಲ್ಲ ಮರೆತು, ಪರದೆಯ ಹಿಂದಿನಿಂದ ಮಾಸ್ತರರು ಹೇಳಿಕೊಟ್ಟದ್ದನ್ನೇ ಒಪ್ಪಿಸುತ್ತಾನೆ. ಆದರೂ ತಾಲೀಮಿನ ದಿನಗಳನ್ನು ಮುದುಕನಾಗುವತನಕ ಹೇಳುತ್ತಾನೆ. ನಾಟಕ ಹೇಗಾಯಿತು ಅಂತ ಕೇಳಿದರೆ 'ಛಲೋ ಆತು' ಅಂತ ಎರಡೇ ಮಾತು.

ಹ್ಯಾಂಡ್‌ಬಿಲ್ಲಿನಲ್ಲಿ 'ರಾತ್ರಿ 10-30ಕ್ಕೆ ಸರಿಯಾಗಿ' ಅಂತ ಇರುತ್ತದೆ. 'ಸರಿಯಾಗಿ' ಅನ್ನುವುದು ಶೋಭೆಗೆ. ಸ್ವಾಗತ, ಪ್ರಾಸ್ತಾವಿಕ, ದೇಣಿಗೆ ಕೊಟ್ಟವರಿಗೆ ಶಾಲು, ಶಾಲು ಹೊದಿಸಿದವರಿಗೆ ಹಾರ, ಹಾರ ಹಾಕಿದವರ ಎರಡು ಮಾತು. ಕೂಸುಗಳು ಮಲಗಿ, ಎದ್ದು, ಮತ್ತೆ ಮಲಗುತ್ತವೆ. ಇದು ಈ ಕಾಲದ ರೋಗ ಅಂದುಕೊಳ್ಳಬೇಡಿ. ಭರತಮುನಿಯ ನಾಟ್ಯಶಾಸ್ತ್ರದ ಐದನೇ ಅಧ್ಯಾಯ ಪೂರ್ತಿ ಇದೇ. ನಾಟಕಕ್ಕೆ ಮೊದಲಿನ ಕಟ್ಟಳೆಗೆಲ್ಲ ಸೇರಿ 'ಪೂರ್ವರಂಗ' ಅಂತ ಹೆಸರು. ಅದಕ್ಕೆ ಹತ್ತೊಂಬತ್ತು ಅಂಗ. ಒಂಬತ್ತು ಪರದೆಯ ಹಿಂದೆ, ಹತ್ತು ಪರದೆಯ ಮುಂದೆ. ವಾದ್ಯಗಳನ್ನು ತಂದು ಜೋಡಿಸಿಡುವುದಕ್ಕೆ ಪ್ರತ್ಯಾಹಾರ ಅಂತ ಹೆಸರು. ಹಾಡುವವರು ಬಂದು ತಮ್ಮ ಜಾಗದಲ್ಲಿ ಕೂರುವುದಕ್ಕೆ ಅವತರಣ ಅಂತ ಹೆಸರು. ಬಂದು ಕೂತದ್ದಕ್ಕೂ ಒಂದು ಹೆಸರು! ನಮ್ಮ ಪೇಟಿ ಮಾಸ್ತರರು ಪೇಟಿಯ ಧೂಳು ಒರೆಸಿ, ಎಲೆ ಅಡಿಕೆ ಹಾಕಿಕೊಂಡು, ಮಂಡಿ ಮಡಿಚಿ ಕೂರುವುದನ್ನು ನೋಡಿದರೆ ಹೆಸರು ಕೊಟ್ಟದ್ದು ತಪ್ಪಲ್ಲ ಅನಿಸುತ್ತದೆ. ಇಷ್ಟು ಬರೆದ ಭರತಮುನಿಗೇ ಅದೇ ಅಧ್ಯಾಯದಲ್ಲಿ ದಿಗಿಲಾದ ಹಾಗಿದೆ: ಮೊದಲಿನ ಈ ಹಾಡು ಕುಣಿತವನ್ನು ಅತಿ ಮಾಡಬೇಡಿ, ಮಾಡುವವರೂ ನೋಡುವವರೂ ದಣಿದುಬಿಟ್ಟರೆ ಮುಂದಿನ ಆಟ ರುಚಿಸುವುದಿಲ್ಲ ಅಂತ ಎಚ್ಚರಿಸಿದ್ದಾನೆ. ಶಾಲು ಹಾರದ ಸಮಿತಿಯವರಿಗೆ ಯಾರಾದರೂ ಇದನ್ನು ಓದಿ ಹೇಳಬಾರದೇ?

ಜಾತ್ರೆಯ ತಯಾರಿಯದಂತೂ ಬೇರೆಯದೇ ರೀತಿ. ನಮ್ಮ ಸೀಮೆಯ ಗ್ರಾಮದೇವಿ ದ್ಯಾಮವ್ವನ ಜಾತ್ರೆ ಐದಕ್ಕೋ ಒಂಬತ್ತಕ್ಕೋ ಹನ್ನೆರಡಕ್ಕೋ ಒಮ್ಮೆ, ಊರಿಂದೂರಿಗೆ ಲೆಕ್ಕ ಬೇರೆ. ಜಾತ್ರೆ ಗೊತ್ತಾದ ಮೇಲೆ ಕಟ್ಟಿಗೆಯ ಮೂರ್ತಿ ಬಡಿಗೇರ ಮನೆ ಸೇರುತ್ತದೆ. 'ದ್ಯಾಮವ್ವ ಬಣ್ಣಕ್ಕ ಹೋಗ್ಯಾಳ' ಅನ್ನುತ್ತಾರೆ. ತವರಿಗೆ ಹೋದ ಮಗಳ ಸುದ್ದಿ ಹೇಳುವಾಗಿನ ದನಿಯೇ ಅದು. ಗುಡಿ ಖಾಲಿ. ಅಷ್ಟು ದಿನ ಬಡಿಗೇರ ಮನೆಯವರಿಗೆ ಊರಲ್ಲಿ ಇರುವ ತೂಕ ಯಾವ ಶಾಸಕರಿಗೂ ಇಲ್ಲ.

ಆಮೇಲೆ ವಾರ ಹಿಡಿಯುವುದು. ಹಲಗಿ ಬಾರಿಸಿ ಡಂಗುರ ಸಾರುತ್ತಾರೆ: ಇಂಥ ವಾರ ಗಳೆ ಹೂಡುವ ಹಾಗಿಲ್ಲ, ಕುಟ್ಟುವ ಹಾಗಿಲ್ಲ, ಬೀಸುವ ಹಾಗಿಲ್ಲ, ರೊಟ್ಟಿ ಬಡಿಯುವ ಹಾಗಿಲ್ಲ. ಇದರ ಚಂದ ನೋಡ್ರಿ. ಎಲ್ಲ ತಯಾರಿಯೂ ಏನಾದರೊಂದು ಮಾಡುವುದಾದರೆ ಇದು ಏನೂ ಮಾಡದೆ ಇರುವ ತಯಾರಿ! ನಮ್ಮ ಓಣಿಯಲ್ಲಿ ಕೆಲವರು ಇದಕ್ಕೆ ವರ್ಷವಿಡೀ ತಯಾರೇ ಇರುತ್ತಾರೆ, ಹೆಸರು ಹೇಳುವುದು ಬೇಡ. ಆದರೆ ಊರಿಗೆ ಊರೇ ಒಂದು ದಿನ ಕೈಕಟ್ಟಿ ಕೂತರೆ ಆಗುವುದೇ ಬೇರೆ. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ನೆನಪಾಗುತ್ತದೆ, ಮಾತು ಬಿಟ್ಟ ಅಣ್ಣ ತಮ್ಮಂದಿರು ಒಂದೇ ಕಟ್ಟೆಗೆ ಬಂದು ಕೂರುತ್ತಾರೆ. ಎಷ್ಟು ಹೊತ್ತು ಅಂತ ಮಾತಾಡದೆ ಇದ್ದಾರು?

ಘಟ್ಟದ ಅಂಚಿನ ಶಿರಸಿಯಲ್ಲಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅಲ್ಲಿ ಜಾತ್ರೆಗೆ ಮೊದಲಿನ ಮಂಗಳವಾರ ಶುಕ್ರವಾರಗಳಲ್ಲಿ ಹೊರಬೀಡು, ಆಮೇಲೆ ಅಂಕೆ ಹಾಕುವುದು, ರಥಕ್ಕೆ ಮರ ಕಡಿದು ತರುವುದು ಅಂತ ಸಾಲುಸಾಲು ವಿಧಿಗಳಿವೆ. ಒಂದೊಂದಕ್ಕೂ ಒಂದೊಂದು ಹೆಸರು, ಒಂದೊಂದು ದಿನ. ಇತ್ತ ನಮ್ಮ ಪಕ್ಕದ ಬಾದಾಮಿಯ ಬನಶಂಕರಿಗೆ ಬನ್ನಿ. ಬನದ ಹುಣ್ಣಿವೆಗೆ ತೇರು. ಆ ತೇರಿನ ಹಗ್ಗ ಬರುವುದು ರೋಣ ತಾಲೂಕಿನ ಮಾಡಲಗೇರಿಯಿಂದ, ಎತ್ತು ಹೂಡಿದ ಹಳಿಬಂಡಿಯಲ್ಲಿ. ಬಾದಾಮಿಯಲ್ಲಿ ಹಗ್ಗ ಸಿಗುವುದಿಲ್ಲವೇ? ಪೇಟೆಗೆ ಹೋದರೆ ನೈಲಾನಿನದೇ ಬೇಕಾದಷ್ಟು ಸಿಕ್ಕೀತು. ಆದರೆ ಹಗ್ಗ ಮಾಡಲಗೇರಿಯದೇ ಆಗಬೇಕು. ಯಾಕೆಂದರೆ ಆ ಹಗ್ಗದ ಜೊತೆಗೆ ಮಾಡಲಗೇರಿಯೂ ಬರಬೇಕಲ್ಲ! ತೇರಿಗೆ ಮೊದಲು ಪಲ್ಲೇದ ಹಬ್ಬ, ದೇವಿಗೆ ನೂರೆಂಟು ಬಗೆಯ ತರಕಾರಿಯ ನೈವೇದ್ಯ. ನೂರೆಂಟು ತರಕಾರಿಯ ಹೆಸರು ಹೇಳಿ ಅಂದರೆ ನಾವು ಬದನೆಕಾಯಿ, ಹೀರೇಕಾಯಿ, ಸವತೇಕಾಯಿ ಅಂತ ಇಪ್ಪತ್ತಕ್ಕೇ ಸುಸ್ತು. ಅಡಿಗೆ ಮಾಡುವ ಹೆಂಗಸರು ಮಾತ್ರ ಒಂದೂ ಬಿಡದಂತೆ ಕೂಡಿಸುತ್ತಾರೆ.

ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿಗಳ ತಯಾರಿಯನ್ನು ನಮ್ಮ ಊರವರಿಗೆ ಹೇಳಿಕೊಡಬೇಕಾಗಿಲ್ಲ. ಗಾಲಿಗೆ ಕೀಲೆಣ್ಣೆ, ಮೇಲೆ ಕೊಲ್ಲಾರಿ, ಎತ್ತಿಗೆ ಜೂಲ, ಗೆಜ್ಜೆಸರ, ಕೋಡಿಗೆ ಬಣ್ಣ. ಒಳಗೆ ಬುತ್ತಿಯ ಗಂಟು: ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆಂಪಖಾರ, ಗಡಿಗೆಯಲ್ಲಿ ಮೊಸರು. ದಾರಿಯಲ್ಲಿ ಮೊದಲ ಸಲ ಬುತ್ತಿ ಬಿಚ್ಚುವುದು ಎಲ್ಲಿ ಅನ್ನುವುದೂ ಹೊರಡುವ ಮೊದಲೇ ಠರಾವು. ಆ ಜಾಗ ಬರುವವರೆಗೆ ಹುಡುಗರು ತಡೆಯುವುದಿಲ್ಲ, ಹೊರಟ ಊರು ಇನ್ನೂ ಕಾಣುತ್ತಿರುವಾಗಲೇ ಶೇಂಗಾ ಹಿಂಡಿಯ ವಾಸನೆ.

ಇನ್ನೊಂದು ಸಂಗತಿ ಹೇಳಿಬಿಡಬೇಕು. ಬೆಳಗಾವಿಯಲ್ಲಿ 1924ರ ಡಿಸೆಂಬರ್ 26, 27ರಂದು ಕಾಂಗ್ರೆಸ್ ಅಧಿವೇಶನ ನಡೆಯಿತಲ್ಲ, ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಅಧಿವೇಶನ. ಆ ಬಯಲಿಗೆ 'ವಿಜಯನಗರ' ಅಂತ ಹೆಸರಿಟ್ಟು ಡೇರೆಗಳ ಊರನ್ನೇ ಕಟ್ಟಿದರು. ಗಂಗಾಧರರಾವ್ ದೇಶಪಾಂಡೆಯವರದು ಯಜಮಾನಿಕೆ, ಹರ್ಡೀಕರರ ಸೇವಾದಳದವರದು ಓಡಾಟ. ಅಷ್ಟು ಮಂದಿಗೆ ನೀರು ಬೇಕಲ್ಲ, ಬಾವಿ ತೋಡಿದರು. ಪಂಪಾ ಸರೋವರ ಅಂತ ಹೆಸರಿಟ್ಟರು. ಅಧಿವೇಶನ ಎರಡು ದಿನಕ್ಕೆ ಮುಗಿಯಿತು, ಡೇರೆ ಕಿತ್ತರು, ಭಾಷಣಗಳು ಪುಸ್ತಕ ಸೇರಿದವು. ಬಾವಿ ಮಾತ್ರ ಟಿಳಕವಾಡಿಯಲ್ಲಿ ಈಗಲೂ ಇದೆ, ಮಂದಿ ಕಾಂಗ್ರೆಸ್ ಬಾವಿ ಅನ್ನುತ್ತಾರೆ. ಕಾರ್ಯ ಹೋಯಿತು, ತಯಾರಿ ಉಳಿಯಿತು. ಏನಂತೀರಿ?

ಈಗಿನ ಹುಡುಗರ ತಯಾರಿಯ ಸುದ್ದಿ ಹೇಳದಿದ್ದರೆ ಅವರಿಗೆ ಬೇಜಾರು. 'ಪ್ರೀವೆಡ್ಡಿಂಗ್' ಅಂತ ಹೊಸದೊಂದು ಬಂದಿದೆ. ಗೋಕಾಕ ಫಾಲ್ಸ್, ನವಿಲುತೀರ್ಥದ ಡ್ಯಾಮು, ಇಲ್ಲವೇ ಕಿತ್ತೂರಿನ ಕೋಟೆ. ಹುಡುಗಿಗೆ ನೆಲ ಗುಡಿಸುವ ಗೌನು, ಹುಡುಗನಿಗೆ ಕಪ್ಪು ಕನ್ನಡಕ, ಮೇಲೆ ಗುಂಯ್ ಅನ್ನುವ ಡ್ರೋನು. ನಮ್ಮ ಸಂಬಂಧಿಕರೊಬ್ಬರ ಮನೆಯಲ್ಲಿ ಆ ವಿಡಿಯೋ ಮೊಬೈಲಿನಲ್ಲಿ ತೋರಿಸಿದಾಗ ಅಜ್ಜಿ ಪೂರ್ತಿ ನೋಡಿ, ಕನ್ನಡಕ ತೆಗೆದು ಒರೆಸಿ, 'ಮದವಿ ಆಗಿ ಹೋತಲ್ಲವಾ? ನನ್ನ ಯಾಕ ಕರೀಲಿಲ್ಲ?' ಅಂದರು. ಹುಡುಗಿ 'ಇದು ಮದವಿ ಅಲ್ಲ ಅಜ್ಜಿ, ಮದವಿಗಿಂತ ಮೊದಲಿಂದು' ಅಂದಳು. 'ಮೊದಲಿಂದಾದ್ರ ಕರೀಬೇಕಿತ್ತವಾ, ನಾ ಬಂದು ಆ ಲಂಗಾ ಎತ್ತಿ ಹಿಡೀತಿದ್ದೆ, ಎಷ್ಟು ರಾಡಿ ಆಗೇತಿ ನೋಡು' ಅಂದರು ಅಜ್ಜಿ.

ಆ ಮುದುಕಿ ಹೇಳಿದ್ದರಲ್ಲಿ ಸುಳ್ಳೇನಿದೆ? ಎಲ್ಲ ಈಗ ಗುತ್ತಿಗೆ. ಕಲ್ಯಾಣ ಮಂಟಪದವರು ಹಂದರ ಹಾಕಿರುತ್ತಾರೆ, ಕೇಟರಿಂಗಿನವರು ಬುಂದೆ ತಂದಿರುತ್ತಾರೆ, ಶಾವಿಗೆ ಪಾಕೀಟಿನಲ್ಲಿ ಬರುತ್ತದೆ. ದುಡ್ಡಿದ್ದವರಿಗೆ ಅನುಕೂಲ, ಕೆಲಸ ಹಗುರ, ನಾನೇನೂ ತಕರಾರು ತೆಗೆಯುವುದಿಲ್ಲ. ಶಾವಿಗೆ ಹೊಸೆದು ತೋಳು ನೋಯಿಸಿಕೊಂಡವರನ್ನು ಕೇಳಿದರೆ ಅವರೇ ಪಾಕೀಟು ಲೇಸು ಅಂದಾರು. ಆದರೆ ಹೀಗಾದಾಗ ನಮ್ಮವರೂ ಕರೆದವರ ಸಾಲಿಗೇ ಸೇರಿಬಿಡುತ್ತಾರೆ. ಸೋದರಮಾವನಿಗೆ ಮುನಿಸಿಕೊಳ್ಳಲು ಒಂದು ಕಾರಣವೂ ಉಳಿಯುವುದಿಲ್ಲ. ಮುನಿಸಿಲ್ಲದ ಸೋದರಮಾವ ಇರುವ ಮದುವೆಯೂ ಒಂದು ಮದುವೆಯೇ?

ಮಾತಿಗೆ ಮಾತು ಬೆಳೀತು, ನಿಮ್ಮ ಒಲೆಯ ಮೇಲಿನ ಹಾಲು ಉಕ್ಕೀತು, ಹೋಗ್ರಿ. ಹಾಂ, ನಿಲ್ರಿ ಒಂದು ನಿಮಿಷ. ನಿಮ್ಮ ಸಣ್ಣ ಮಗಳದು ವೈಶಾಖದಾಗ ಅಂತ ಸುದ್ದಿ ಬಂದೈತಿ, ಖರೇ ಏನ್ರಿ? ತಾರೀಖು ಈಗ ಹೇಳಬ್ಯಾಡ್ರಿ, ಅದು ಕಾರ್ಡಿನ್ಯಾಗ ಇದ್ದೇ ಇರತೈತಿ. ಜವಳಿಗೆ ರಾಮದುರ್ಗಕ್ಕೋ ಬೈಲಹೊಂಗಲಕ್ಕೋ, ಶಾವಿಗಿ ಮಣಿ ನಿಮ್ಮಲ್ಲಿ ಐತೋ ನಮ್ಮದು ಕಳಸಲೋ, ಹಂದರದ ಗಳಕ್ಕ ಹುಡುಗರು ಎಷ್ಟೊತ್ತಿಗೆ ಬರಬೇಕು, ಅದನ್ನ ಹೇಳ್ರಲ್ಲ ಮೊದಲು?